ರೈಲಿನಲ್ಲಿ ಹಲಸಿನ ಮೇಣ

ಅತ್ತೆಯ ತಿಥಿಗೆಂದು ಇವತ್ತು ಹಲಸಿನ ಹಣ್ಣು ಬಿಡಿಸುತ್ತಿದ್ದೇವೆ, ಮನೆಯೆಲ್ಲ ಅದರದೇ ವಾಸನೆ.

ಅರವತ್ತರ ದಶಕದಲ್ಲಿ ಅತ್ತೆ, ಅಂದರೆ ಅಪ್ಪನ ತಂಗಿ, ಜಯನಗರದ ನಮ್ಮ ಮನೆಯಿಂದ ದಿನಾ ರೈಲಿನಲ್ಲಿ ಬಿಡದಿಗೆ ಹೋಗಿ ಶಾಲೆಯಲ್ಲಿ ಪಾಠ ಮಾಡುತ್ತಿದ್ದಳು. ಒಂದು ಶನಿವಾರ ನನ್ನನ್ನೂ ಕರೆದುಕೊಂಡು ಹೋಗಿದ್ದಳು. ಮಧ್ಯಾಹ್ನ ವಾಪಸು ಬರುವಾಗ ಹೆಂಗಸರ ಬೋಗಿ ತುಂಬಿತ್ತು, ಬೇರೆ ಬೋಗಿ ಹತ್ತಿದೆವು. ಅತ್ತೆಯ ಮಡಿಲಲ್ಲಿ ಬಾಳೆಲೆ ಸುತ್ತಿದ ಅರ್ಧ ಹಲಸಿನ ಹಣ್ಣಿತ್ತು, ಶಾಲೆಯ ಮಗುವೊಂದರ ತಾಯಿ ಕೊಟ್ಟಿದ್ದು. ಪಕ್ಕದಲ್ಲಿ ಬಿಳಿ ಪಂಚೆಯವನೊಬ್ಬ ಪೇಪರ್ ಹಿಡಿದು ಕೂತಿದ್ದ. ಪೇಪರಿನ ಮರೆಯಲ್ಲಿ ಅವನ ಕೈ ಅತ್ತೆಯ ಸೊಂಟದತ್ತ ಬರುತ್ತಲೇ ಇತ್ತು. ಅವಳು ಸರಿದಷ್ಟೂ ಅವನೂ ಸರಿದ. ಕೊನೆಗೆ ಅತ್ತೆ ಎಲೆ ಬಿಚ್ಚಿ, ಕೊಯ್ದ ಮೈಯನ್ನು ಅವನ ಕಡೆಗೆ ತಿರುಗಿಸಿ ಹಣ್ಣನ್ನು ಇಬ್ಬರ ನಡುವೆ ಇಟ್ಟಳು. ಕೈ ನೇರ ಮೇಣಕ್ಕೆ ಬಿತ್ತು. ಗಾಬರಿಯಲ್ಲಿ ಪಂಚೆಗೆ ಒರೆಸಿಕೊಂಡ, ಅದಕ್ಕೂ ಅಂಟಿತು.

“ಏನಮ್ಮ ಇದು?” ಎಂದು ರೇಗಿದ.

“ಹಲಸಿನ ಮೇಣ ಸಾರ್. ಎಣ್ಣೆ ಹಚ್ಚಿ ಉಜ್ಜಿದ್ರೇನೇ ಹೋಗೋದು. ಮನೇಲಿ ಹೆಂಡ್ತೀನ ಕೇಳಿ, ಹಚ್ತಾರೆ. ಹೆಂಗಂಟ್ತು ಅಂತಾನೂ ಹೇಳಿ.”

ಬೋಗಿಯೆಲ್ಲ ನಕ್ಕಿತು. ಮುಂದಿನ ಸ್ಟೇಷನ್ನಿನಲ್ಲಿ ಅವನು ಇಳಿದುಹೋದ.

ಮನೆಗೆ ಬಂದು ನಾನು ಎಲ್ಲ ಹೇಳಿಬಿಟ್ಟೆ. ಅಜ್ಜಿ ಹಣೆ ಚಚ್ಚಿಕೊಂಡಳು. “ಕೆಲಸ ಬಿಟ್ಟು ತೆಪ್ಪಗೆ ಮನೇಲಿರು ಕಣೆ.”

“ತಪ್ಪು ಮಾಡಿದೋನು ರೈಲು ಬಿಡ್ಲಿ ಅಮ್ಮ. ನಾನ್ಯಾಕೆ ಬಿಡ್ಲಿ?”

ಸೋಮವಾರ ಬೆಳಿಗ್ಗೆ ಅತ್ತೆ ಎಂದಿನಂತೆ ಹೊರಟಳು. ಅಜ್ಜಿ ಬಾಗಿಲಿಗೆ ಬಂದು ಊಟದ ಡಬ್ಬಿ ಕೈಗಿಟ್ಟು, “ಎಲ್ಲಾದ್ರೂ ಮೂಲೇಲಿ ಕೂತ್ಕೊ” ಎಂದಳು.

“ಜಾಗ ಇದ್ದ ಕಡೆ ಕೂತ್ಕೋತೀನಿ” ಎಂದು ಅತ್ತೆ ಗೇಟು ತೆರೆದಳು.