ಅಂಟಿಸಿದ ನಗು

ಮಗ ಲಕೋಟೆಯಿಂದ ಫೋಟೋ ಹೊರಗೆಳೆದು ನೋಡಿದ. ಇಸ್ತ್ರಿ ಮಾಡಿದ ಕಾಲರ್, ಹೊಸದಾಗಿ ಬಂದ ಮೀಸೆ, ಗಡ್ಡ ಎಲ್ಲವೂ ಅವನದೇ. ಬಾಯಿ ಮಾತ್ರ ಅವನದಾಗಿರಲಿಲ್ಲ.

"ಅಮ್ಮಾ, ನಾನು ನಕ್ಕೇ ಇರಲಿಲ್ಲ. ಇದರಲ್ಲಿ ನಗ್ತಿರೋದು ಯಾರು?"

ತಾಯಿ ಕೌಂಟರಿನ ಗಾಜು ಒರೆಸತೊಡಗಿದಳು. ಅದು ಆಗಲೇ ಫಳಫಳ ಹೊಳೆಯುತ್ತಿತ್ತು. ಸ್ಟುಡಿಯೋ ಅವಳದು. ಕ್ಯಾಮೆರಾ ಹಿಡಿದು "ಸ್ವಲ್ಪ ನಗಿ" ಎನ್ನುವವಳೂ ಅವಳೇ, ಆಮೇಲೆ ಕಂಪ್ಯೂಟರಿನ ಮುಂದೆ ಕುಳಿತು ಮೊಡವೆ ಅಳಿಸಿ, ಬೋಳುತಲೆಯ ಹೊಳಪು ತಗ್ಗಿಸುವವಳೂ ಅವಳೇ. ಆ "ಸ್ವಲ್ಪ ನಗಿ" ಬಾಯಿಂದ ಹೊರಡದೆ ಅವಳ ಬೆರಳು ಗುಂಡಿ ಒತ್ತಿದ್ದೇ ಇಲ್ಲ. ಯಾರಾದರೂ ಕಣ್ಣು ಮುಚ್ಚಿಬಿಟ್ಟರೆ ಅವರದೇ ಇನ್ನೊಂದು ಫೋಟೋದಿಂದ ತೆರೆದ ಕಣ್ಣು ತಂದು ಕೂರಿಸುವುದು ಅವಳಿಗೆ ನೀರು ಕುಡಿದಷ್ಟು ಸುಲಭ. ನಿನ್ನೆ ಹಾಗೆಯೇ ಒಂದು ನಗು ತಂದು ಕೂರಿಸಿದ್ದಳು.

"ನಿಂದೇ ಕಣೋ," ಎಂದಳು. "ನಿನ್ನ ಕಾಲೇಜಿನ ಫೋಟೋದ್ದು. ಬೇರೆ ಯಾರದ್ದೋ ತಂದು ಹಾಕ್ತೀನಾ?"

ಕಾಲೇಜಿನ ಫೋಟೋ ಎಂದರೆ ಉದ್ದ ಕೂದಲಿನ ಕಾಲದ್ದು. ಮನೆಯವರೆಲ್ಲ ಅವನನ್ನು ಮಗಳೆಂದೇ ತಿಳಿದಿದ್ದ ಕಾಲದ್ದು. ನಾನು ಹುಡುಗ ಎಂದು ಅವನು ಬಾಯಿಬಿಟ್ಟು ಹೇಳುವುದಕ್ಕೂ, ಚಿಕಿತ್ಸೆ ಶುರುವಾಗಿ ದನಿ ಒಡೆಯುವುದಕ್ಕೂ ಮುಂಚಿನದು. ಲಿಫ್ಟ್ ರಿಪೇರಿ ಕಂಪನಿಯಲ್ಲಿ ಅವನಿಗೆ ಈಗ ಹೊಸ ಕೆಲಸ ಸಿಕ್ಕಿತ್ತು. ಅಲ್ಲಿ ಕೊರಳಿಗೆ ನೇತುಹಾಕಿಕೊಳ್ಳುವ ಕಾರ್ಡಿಗೆ ಬೇಕಾದ ಫೋಟೋ ಇದು. ಅದರಲ್ಲೂ ಆ ಹಳೆಯ ಹುಡುಗಿಯೇ ಬಂದು ಕೂತಿದ್ದಳು.

"ನಿಜ ಹೇಳಮ್ಮ. ನಿನಗೆ ಅವಳೇ ಬೇಕಾ?"

"ಬಿಡ್ತು ಅನ್ನು!" ಅವಳ ಕೈಯಿಂದ ಬಟ್ಟೆ ಜಾರಿ ಬಿತ್ತು. "ಎಂಥಾ ಮಾತು ಆಡ್ತೀಯೋ! ನಿನ್ನ ಚಿಕ್ಕಮ್ಮ ಕೇಳಿದಳು. ಅಕ್ಕಾ, ಅವನು ನಗೋದನ್ನೇ ಬಿಟ್ಟಿದ್ದಾನಲ್ಲಾ, ಮಾಡ್ಕೊಂಡಿದ್ದಕ್ಕೆ ಒಳಗೊಳಗೇ ಕೊರಗ್ತಿದ್ದಾನೇನೋ ಅಂತ. ಆವತ್ತಿಂದ ನನಗೆ ಊಟ ಸೇರ್ತಿಲ್ಲ. ಮೊದಲು ಹೇಗೆ ನಗ್ತಿದ್ದೆ! ನಗುಮುಖದ ಮಗು ಅಂತ ಬೀದಿಗೆ ಬೀದಿಯೇ ಹೇಳೋದು. ಈಗ ಯಾರು ಬಂದರೂ ಸುಮ್ಮನೆ ಕೂತಿರ್ತೀಯ. ನಿನ್ನೆ ಫೋಟೋದಲ್ಲಿ ಆ ಮುಖ ನೋಡೋಕಾಗಲಿಲ್ಲ ಕಣೋ. ಅಂಟಿಸಿಬಿಟ್ಟೆ."

ಮಗ ಸ್ಟೂಲ್ ಎಳೆದುಕೊಂಡು ಅವಳೆದುರು ಕುಳಿತ.

"ಫ್ರಾಕ್ ತೊಡಿಸಿದಾಗಲೂ ನಗ್ತಿದ್ದೆ. ಮಾವ ಬಂದು ನನ್ನ ಮದುವೆ ಮಾತೆತ್ತಿದಾಗಲೂ ನಗ್ತಿದ್ದೆ. ನಗೋ ಹುಡುಗೀನ ಯಾರೂ ಏನಾಯ್ತಮ್ಮಾ ಅಂತ ಕೇಳಲ್ಲ. ಅದಕ್ಕೇ ನಗ್ತಿದ್ದೆ. ಮಲಗೋ ಹೊತ್ತಿಗೆ ದವಡೆ ಎಲ್ಲ ನೋವು."

"ಈಗ?"

"ಈಗ ಬಚ್ಚಿಡೋಕೆ ಏನೂ ಇಲ್ವಲ್ಲ. ಮುಖಕ್ಕೆ ರಜೆ ಕೊಟ್ಟಿದ್ದೀನಿ. ಆರಾಮಾಗಿದ್ದೀನಮ್ಮ."

ತಾಯಿ ಕಂಪ್ಯೂಟರಿನ ಮುಂದೆ ಹೋಗಿ ಹಳೆಯ ಫೋಟೋಗಳನ್ನು ಒಂದೊಂದಾಗಿ ತೆರೆದಳು. ಶಾಲೆಯದ್ದು, ಹುಟ್ಟುಹಬ್ಬದ್ದು, ಕಾಲೇಜಿನದ್ದು. ಕಸುಬಿನವಳಾದ ಅವಳಿಗೆ ಒಂದು ವಿಷಯ ಚೆನ್ನಾಗಿ ಗೊತ್ತಿತ್ತು. ಕಣ್ಣು ತಂದು ಕೂರಿಸಬಹುದು, ನಗು ಕೂರುವುದಿಲ್ಲ. ನಕ್ಕಾಗ ಕೆನ್ನೆ ಮೇಲೇಳುತ್ತದೆ, ಕಣ್ಣು ಕಿರಿದಾಗುತ್ತದೆ, ಬಾಯೊಂದನ್ನೇ ಕಿತ್ತು ತಂದರೆ ಎಲ್ಲೋ ಒಂದು ಕಡೆ ಎಡವಟ್ಟಾಗುತ್ತದೆ. ಆದರೆ ನಿನ್ನೆಯದು ಒಂದೇ ಸಲಕ್ಕೆ ಕೂತುಬಿಟ್ಟಿತ್ತು. ತನ್ನ ಕೈಚಳಕ ಎಂದು ಅವಳು ಬೀಗಿದ್ದಳು. ಈಗ ಪರದೆಯ ಮೇಲೆ ಬಾಯಿ ಇದ್ದಲ್ಲಿ ಅಂಗೈ ಅಡ್ಡ ಇಟ್ಟು ನೋಡಿದಳು. ಒಂದು ಫೋಟೋದಲ್ಲೂ ಆ ಮಗುವಿನ ಕಣ್ಣು ನಗುತ್ತಿರಲಿಲ್ಲ.

"ಇಷ್ಟು ವರ್ಷ ಊರವರ ಮುಖ ಎಲ್ಲ ತಿದ್ದಿದೆ," ಎಂದಳು, ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುತ್ತಾ. "ನಮ್ಮನೇದೇ ಕಾಣಲಿಲ್ಲವಲ್ಲೋ."

ಮಗ ಎದ್ದು ಬಂದು ಆ ಫೋಟೋವನ್ನು ತನ್ನ ಕೆನ್ನೆಯ ಪಕ್ಕ ಹಿಡಿದ. "ಅಳಬೇಡ. ಮೊದಲು ಇದನ್ನ ನೋಡು. ಮೀಸೆ ಕೆಳಗೆ ಲಿಪ್‌ಸ್ಟಿಕ್ ಹಾಗೇ ಬಿಟ್ಟಿದ್ದೀಯ. ಇದನ್ನ ಹಾಕ್ಕೊಂಡು ಮೊದಲ ದಿನ ಕೆಲಸಕ್ಕೆ ಹೋಗ್ಲಾ?"

ತಾಯಿ ಕನ್ನಡಕ ಏರಿಸಿಕೊಂಡು ನೋಡಿದಳು. ಹೌದು, ಗುಲಾಬಿ ಬಣ್ಣ! ಅದನ್ನು ತೆಗೆಯುವುದೇ ಮರೆತುಹೋಗಿತ್ತು. "ಅಯ್ಯೋ ನನ್ನ ಬುದ್ಧಿಗಿಷ್ಟು!" ಎಂದು ಹಣೆ ಚಚ್ಚಿಕೊಂಡವಳಿಗೆ ನಗು ಒತ್ತರಿಸಿ ಬಂತು. ಕಣ್ಣಲ್ಲಿ ನೀರಿರುವಾಗಲೇ ಹೊಟ್ಟೆ ಹಿಡಿದುಕೊಂಡು ನಕ್ಕಳು. ಮಗ ಮಾತ್ರ ತಣ್ಣಗೆ ನೋಡುತ್ತಾ ನಿಂತಿದ್ದ. ಆ ಸುಮ್ಮನಿರುವಿಕೆಗೆ ಅವಳು ಈ ಸಲ ಹೆದರಲಿಲ್ಲ.

ಆಮೇಲೆ ಮೂಗು ಒರೆಸಿಕೊಂಡು ದೀಪಗಳನ್ನು ಹಾಕಿದಳು. "ನಡಿ, ಕೂತ್ಕೋ. ಇನ್ನೊಂದು ತೆಗೀತೀನಿ."

ಅವನು ನೆಟ್ಟಗೆ ಕುಳಿತ. ಅವಳು ಕ್ಯಾಮೆರಾಕ್ಕೆ ಕಣ್ಣಿಟ್ಟಳು.

"ಸ್ವಲ್ಪ ನ..." ಎಂದುಬಿಟ್ಟಳು.

ಮಗ ಹುಬ್ಬೇರಿಸಿದ.

"ಸ್ವಲ್ಪ ಗಲ್ಲ ಎತ್ತು ಅಂದೆ ಕಣೋ," ಎಂದು ಗದರಿಸಿ ಗುಂಡಿ ಒತ್ತಿದಳು.

ಫೋಟೋ ಪರದೆಯ ಮೇಲೆ ಮೂಡಿತು. ಬಾಯಿಯ ಎಡತುದಿ ಒಂದಿಷ್ಟು ಮೇಲೇರಿತ್ತು. ಅದರ ಹಿಂದೆ ಕೆನ್ನೆ ಎದ್ದಿತ್ತು, ಆ ಕಡೆಯ ಕಣ್ಣು ಕಿರಿದಾಗಿತ್ತು. ತಾಯಿ ಅದನ್ನು ಬಹಳ ಹೊತ್ತು ನೋಡಿದಳು. ಆ ನಗುವನ್ನು ಕಿತ್ತು ಬೇರೆ ಯಾವ ಫೋಟೋಗೂ ಅಂಟಿಸುವಂತಿರಲಿಲ್ಲ.