ಮುಟ್ಟದ ರೊಟ್ಟಿ

“ಬಂದೂಕು ಕೊಡು, ಗೋಡೆಗೆ ತೂಗುಹಾಕ್ತೀನಿ,” ಎಂದು ವುಕ್ಸಾನ್ ಕೈ ಚಾಚಿದ.

ಮರಾಶ್ ಕೊಡಲಿಲ್ಲ. ಬಂದೂಕನ್ನು ತೊಡೆಯ ಮೇಲೆ ಅಡ್ಡ ಇಟ್ಟುಕೊಂಡು ಬಾಗಿಲ ಪಕ್ಕದಲ್ಲೇ ಕೂತ. ಕಲ್ಲು ಗುಡಿಸಲಿನೊಳಗಿದ್ದವರೆಲ್ಲ ಅವನತ್ತ ತಿರುಗಿದರು. ಚಳಿಗಾಲದಲ್ಲಿ ಕಣಿವೆಯ ಬೇಟೆಗಾರರೆಲ್ಲ ತಂಗುವ ಬಿಡಾರ ಅದು. ಒಲೆಯ ಯಜಮಾನ ವುಕ್ಸಾನ್. ಬಂದವನು ಯಜಮಾನನ ಕೈಗೆ ಬಂದೂಕು ಒಪ್ಪಿಸದಿದ್ದರೆ ಅವನು ಅತಿಥಿಯಲ್ಲ. ಮತ್ತೇನು ಎಂಬುದನ್ನು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ಮರಾಶ್ ಸೇಡಿಗೆ ಬಂದಿದ್ದ. ಮೊದಲ ಹಿಮ ಬಿದ್ದಾಗ ಅವನ ಅಣ್ಣ ಟೊಮನನ್ನು ಯಾರೋ ಮೇಲಿನ ಕಾಲುದಾರಿಯಲ್ಲಿ ಬೆನ್ನಿಗೆ ಗುಂಡು ಹೊಡೆದು ಕೊಂದಿದ್ದರು. ಅದರ ಹಿಂದಿನ ದಿನವಷ್ಟೇ ಟೊಮ ಮತ್ತು ವುಕ್ಸಾನ್ ಒಂದು ಕಾಡುಮೇಕೆಯ ತಲೆ, ಚರ್ಮ ಯಾರ ಪಾಲು ಎಂದು ಕತ್ತಿನಪಟ್ಟಿ ಹಿಡಿದು ಜಗಳವಾಡಿದ್ದನ್ನು ಊರೇ ನೋಡಿತ್ತು. ಮನೆಯಲ್ಲಿ ಈಗ ಉಳಿದ ಗಂಡಸು ಮರಾಶ್ ಒಬ್ಬನೇ. ಅಣ್ಣನ ರಕ್ತಕ್ಕೆ ಲೆಕ್ಕ ಕೇಳಿದರೆ ಅವನೇ ಕೇಳಬೇಕು. ಅವನ ನಂತರ ಕೇಳುವವರಿಲ್ಲ.

ಉಂಡ ಮನೆಗೆ ಎರಡು ಬಗೆಯಬಾರದು. ನಮ್ಮ ಬೆಟ್ಟಗಳಲ್ಲಿ ಇದು ಬರೀ ಬುದ್ಧಿಮಾತಲ್ಲ, ಕಟ್ಟಳೆ. ಒಂದು ತುತ್ತು ಗಂಟಲಿಳಿದರೆ ವುಕ್ಸಾನನ ಮೇಲೆ ಗುಂಡು ಹಾರಿಸುವ ಹಕ್ಕು ಹೋಯಿತು. ಜೊತೆಗೆ ಬಂದಿದ್ದ ಪ್ರೆಂಗ್ ದಾರಿಯುದ್ದಕ್ಕೂ ಅದನ್ನೇ ಒತ್ತಿ ಒತ್ತಿ ಹೇಳಿದ್ದ.

“ಕಾಫಿ ಕೊಟ್ರೂ ಮುಟ್ಬೇಡ. ಅನುಮಾನ ಬರ್ಬಾರ್ದು, ಅದಕ್ಕೆ ನಾನು ತಿಂತೀನಿ. ನೀನು ಮಾತ್ರ ಹಸ್ಕೊಂಡೇ ಇರು.”

ಪ್ರೆಂಗ್ ನೆರೆಮನೆಯವನು. ಎರಡು ಮನೆಗೂ ಒಂದೇ ಬುಗ್ಗೆಯ ನೀರು. ಆ ನೀರಿಗಾಗಿ ಟೊಮನ ಜೊತೆ ನಿತ್ಯ ಕಿತ್ತಾಡಿದ್ದನ್ನೆಲ್ಲ ಮರೆತು, ಸಾವಿನ ದಿನದಿಂದ ಮರಾಶನ ಬೆನ್ನಿಗೆ ನಿಂತವನು ಅವನೊಬ್ಬನೇ. ಎಂಥ ದೊಡ್ಡ ಮನಸ್ಸು ಎಂದು ಮರಾಶನಿಗೆ ಕಣ್ಣು ತುಂಬಿ ಬಂದದ್ದೂ ಉಂಟು.

ವುಕ್ಸಾನ್ ಬಿಸಿ ಜೋಳದ ರೊಟ್ಟಿ ಮುರಿದು, ಉಪ್ಪು ಉದುರಿಸಿ, ಮರಾಶನ ಮುಂದೆ ಇಟ್ಟ.

“ತಗೋ ತಮ್ಮಾ. ಬಂದವನು ರೊಟ್ಟಿ ಸಾರಿಗೆ ಅದ್ದೋವರೆಗೆ ಬೇರೆ ಯಾರೂ ಅದ್ದೋ ಹಾಗಿಲ್ಲ.”

“ಹಸಿವಿಲ್ಲ.”

“ಹಸಿವಿನ ಮಾತು ಯಾರು ಕೇಳಿದ್ರು? ಒಂದು ಚೂರು ಬಾಯಿಗೆ ಹಾಕ್ಕೋ, ಸಾಕು.”

ಕುಂಬಳಕಾಯಿ ಕಳ್ಳ ಹೆಗಲು ಮುಟ್ಟಿ ನೋಡಿಕೊಳ್ಳುತ್ತಿದ್ದಾನೆ ಎಂದುಕೊಂಡ ಮರಾಶ್. ಒಲೆಯ ಆಚೆ ಬದಿಯಲ್ಲಿ ಇಬ್ಬರು ಬೇಟೆಗಾರರು ಚಮಚ ಹಿಡಿದು ಕಾಯುತ್ತಿದ್ದರು.

“ಅವನಿಗೆ ಹೊಟ್ಟೆ ಸರಿ ಇಲ್ಲ,” ಎಂದು ಪ್ರೆಂಗ್ ನಕ್ಕ. “ನಾನೂ ಬಂದವನೇ ಅಲ್ವಾ? ನಾನೇ ಶುರು ಮಾಡ್ತೀನಿ.” ರೊಟ್ಟಿಯನ್ನು ಸಾರಿಗೆ ಅದ್ದಿ ಬಾಯಿಗಿಟ್ಟ. ವುಕ್ಸಾನ್ ಅವನನ್ನೇ ದಿಟ್ಟಿಸಿದ.

“ನಮ್ಮಣ್ಣನ್ನ ಕೊಂದಿದ್ದು ಯಾರು?” ಎಂದು ಮರಾಶ್ ನೇರವಾಗಿ ಕೇಳಿದ.

“ಕಣ್ಣಾರೆ ಕಾಣದ್ದನ್ನ ನಾನು ಬಾಯಲ್ಲಿ ಆಡಲ್ಲ. ನೀನು ರೊಟ್ಟಿ ತಿನ್ನು.”

ಮರಾಶನಿಗೆ ಮೈ ಉರಿಯಿತು. ಎದ್ದು ಒಲೆಯ ಬಳಿ ಹೋಗಿ, ಕುದಿಯುತ್ತಿದ್ದ ಮಡಕೆಯ ಮುಚ್ಚಳ ಎತ್ತಿದ.

“ನೋಡೋಣ, ನಮ್ಮಣ್ಣನ ಪಾಲಿನ ಮೇಕೆ ತಲೆ ಇದ್ರಲ್ಲೇ ಬೇಯ್ತಿದೆಯೋ ಏನೋ!”

ಬೇಟೆಗಾರರಲ್ಲಿ ಒಬ್ಬ ತಟ್ಟನೆ ಎದ್ದು ನಿಂತ. ಪರರ ಒಲೆಯ ಮಡಕೆಯ ಮುಚ್ಚಳ ತೆಗೆಯುವುದೂ ಒಂದೇ, ಯಜಮಾನನ ಮುಖಕ್ಕೆ ಉಗಿಯುವುದೂ ಒಂದೇ. ಅದಕ್ಕೆ ಹೆಣ ಬಿದ್ದಿವೆ. ವುಕ್ಸಾನ್ ಬಂದೂಕಿಗೆ ಕೈ ಹಾಕಲಿ ಎಂದೇ ಮರಾಶ್ ಕಾದ. ಅವನ ಬೆರಳು ತನ್ನ ಬಂದೂಕಿನ ಕುದುರೆಯ ಮೇಲಿತ್ತು.

ವುಕ್ಸಾನನ ಮುಖ ಕಪ್ಪಿಟ್ಟಿತು. ಆದರೆ ಅವನು ಮಡಕೆಯಿಂದ ಒಂದು ಬಟ್ಟಲು ಸಾರು ಬಗ್ಗಿಸಿ, ಮುಚ್ಚಳ ಕಿತ್ತುಕೊಂಡು ಮುಚ್ಚಿ, ಬಟ್ಟಲನ್ನು ಮರಾಶನ ಕಡೆಗೇ ಚಾಚಿದ.

“ಬೈದ್ಯಲ್ಲ, ಆಯ್ತು. ಈಗ ಉಣ್ಣು.”

“ಲೋ ಹುಚ್ಚಾ, ಈ ಮನೆತನ ಯಾವುದು ಅಂತ ಗೊತ್ತಾ ನಿನಗೆ?” ನಿಂತಿದ್ದ ಬೇಟೆಗಾರ ಗದರಿದ. “ಈ ಒಲೆ ಮುಂದೆ ಉಂಡು ಹೋದ ಉಪ್ಪಿನ ವ್ಯಾಪಾರಿಯನ್ನ ದಾರೀಲಿ ಯಾರೋ ಕೊಂದ್ರು. ಇವರಪ್ಪನಿಗೆ ಆ ವ್ಯಾಪಾರಿ ಹೆಸರೂ ಗೊತ್ತಿರ್ಲಿಲ್ಲ. ಆದ್ರೂ ಉಂಡವನ ರಕ್ತಕ್ಕೆ ಒಲೆಯವನೇ ಲೆಕ್ಕ ಕೇಳ್ಬೇಕು ಅಂತ ಕೊಂದವನ ಮನೇಲಿ ಒಬ್ಬ ಗಂಡಸನ್ನೂ ಉಳಿಸ್ಲಿಲ್ಲ.”

ಪ್ರೆಂಗ್ ಅಗಿಯುವುದನ್ನು ನಿಲ್ಲಿಸಿದ.

“ಹಾಗಾದ್ರೆ ರಕ್ತದ ರುಚಿ ಅಪ್ಪನಿಂದ್ಲೇ ಬಂದಿದೆ,” ಎಂದ ಮರಾಶ್. ಬಟ್ಟಲಿಗೆ ಬೆನ್ನು ತಿರುಗಿಸಿ ಹೊರಗೆ ನಡೆದ. ಪ್ರೆಂಗ್ ಗೋಡೆಯಿಂದ ತನ್ನ ಬಂದೂಕು ತೆಗೆದುಕೊಂಡು ಹಿಂಬಾಲಿಸಿದ.

ಹಿಮದಲ್ಲಿ ಹತ್ತು ಹೆಜ್ಜೆ ಹೋಗುವಷ್ಟರಲ್ಲಿ ವುಕ್ಸಾನ್ ಓಡಿ ಬಂದ. ಬರಿಗಾಲು. ಕೈಯಲ್ಲಿ ಆ ರೊಟ್ಟಿಯ ಚೂರು.

“ನಡೀತಾ ತಿನ್ನು ತಮ್ಮಾ. ನನ್ನ ಮೇಲೆ ಸಿಟ್ಟಿದ್ರೆ ಇರ್ಲಿ. ನಿಮ್ಮಮ್ಮನ ಮುಖ ನೋಡಿ ತಿನ್ನು.”

ಇಷ್ಟು ಹೆದರುಪುಕ್ಕಲನ ಕೈಯಲ್ಲಿ ಅಣ್ಣ ಸತ್ತನಲ್ಲ ಎಂದು ಮರಾಶನಿಗೆ ಅಳುವೇ ಬಂತು. ರೊಟ್ಟಿಯನ್ನು ಹೊಡೆದು ಬೀಳಿಸಿದ. ವುಕ್ಸಾನ್ ಹಿಮದಲ್ಲಿ ಬಿದ್ದ ಚೂರನ್ನು ನೋಡುತ್ತಾ ಅಲ್ಲೇ ನಿಂತುಬಿಟ್ಟ.

ಮೇಲಿನ ಕಾಲುದಾರಿಯಲ್ಲಿ, ಬಂಡೆಯ ಮರೆಯಲ್ಲಿ ಕಾಯುವುದೆಂದು ಪ್ರೆಂಗನೇ ಗೊತ್ತು ಮಾಡಿದ್ದ. ಉಂಡು ಮುಗಿಸಿ ವುಕ್ಸಾನ್ ಅದೇ ದಾರಿಯಲ್ಲಿ ಬೇಟೆಗೆ ಬರಬೇಕು. ದಾರಿ ಕಿರಿದು, ಮರಾಶ್ ಮುಂದೆ, ಪ್ರೆಂಗ್ ಹಿಂದೆ. ಕೆಳಗೆ ಬಿಡಾರದ ಹೊಗೆಯೂ ಮಂಜಿನಲ್ಲಿ ಮರೆಯಾಯಿತು.

“ಏನೂ ತಿನ್ಲಿಲ್ಲ ತಾನೆ?” ಎಂದು ಪ್ರೆಂಗ್ ಕೇಳಿದ. “ನಾನು ಬಂದೂಕು ತಗೊಳ್ಳೋವಾಗಲೂ?”

“ಇಲ್ಲ ಅಣ್ಣಾ,” ಎಂದ ಮರಾಶ್ ಹೆಮ್ಮೆಯಿಂದ. “ಒಂದು ಹರಳು ಉಪ್ಪೂ ಇಲ್ಲ. ನಾನು ಯಾರ ಒಲೆಯ ಋಣದಲ್ಲೂ ಇಲ್ಲ.”

ಹಿಂದಿನ ಹೆಜ್ಜೆ ಸದ್ದು ನಿಂತಿತು. ಬಂದೂಕಿನ ಕುದುರೆ ಎಳೆದ ಸದ್ದು ಬೆನ್ನ ಹಿಂದೆಯೇ ಕೇಳಿಸಿತು.

“ಟೊಮನನ್ನೂ ಇಲ್ಲೇ ಕೇಳಿದ್ದೆ,” ಎಂದ ಪ್ರೆಂಗ್. “ಅವತ್ತು ಅವನೂ ಎಲ್ಲೂ ಉಂಡಿರ್ಲಿಲ್ಲ.”