ಕೊರಡಮ್ಮನ ಕಣ್ಣು

ಜೆಸಿಬಿ ಹಳ್ಳಕ್ಕೆ ಇಳಿಯುವ ಹೊತ್ತಿಗೆ ಚಿಕ್ಕಬೋರಮ್ಮ ಆಗಲೇ ಕೊರಡಿನ ಮೇಲೆ ಕೂತು ಎಲೆಗೆ ಸುಣ್ಣ ಸವರುತ್ತಿದ್ದಳು. ನಾರಾಯಣದುರ್ಗದ ಕಾಡಿನಿಂದ ಇಳಿದು ಬರುವ ಹಳ್ಳಕ್ಕೆ ಅಡ್ಡಲಾಗಿ ಏಳು ವರ್ಷದ ಹಿಂದೆ ಬಿದ್ದ ಹೊಳೆಮತ್ತಿ ಮರ ಅದು. ಬುಡ ದಡದಲ್ಲಿ, ಮಿಕ್ಕಿದ್ದೆಲ್ಲ ನೀರಲ್ಲಿ. ಹಳ್ಳ ಚೊಕ್ಕಟ ಮಾಡುವ ಕೆಲಸ ಹಿಡಿದಿದ್ದ ಪಂಚಾಯ್ತಿ ಮೆಂಬರು ಕರಿಯಪ್ಪ, ಬಿಳಿ ಪಂಚೆ ಕೆಸರಾಗದಂತೆ ಎತ್ತಿ ಹಿಡಿದು ದಡದಲ್ಲೇ ನಿಂತಿದ್ದ.

"ಸತ್ತ ಮರಕ್ಕೆ ಕಾವಲು ಕುಂತಿದ್ದೀಯಲ್ಲ ಬೋರಕ್ಕ, ಎದ್ದೇಳು" ಎಂದ.

ಅವಳು ಏಳಲಿಲ್ಲ. ಕಾಡಿನ ತರಗೆಲೆಯೆಲ್ಲ ಈ ಕೊರಡಿಗೆ ತಡೆದು ನಿಲ್ಲುತ್ತದೆ, ಎಲೆ ಕೊಳೆತು ಹುಳವಾಗುತ್ತದೆ, ಹುಳ ತಿನ್ನಲು ಮೀನು ಏಡಿ ಬರುತ್ತವೆ, ಹಳ್ಳವೆಲ್ಲ ಸಂಕ್ರಾಂತಿಗೇ ಒಣಗಿದರೂ ಇದರ ಗುಂಡಿಯಲ್ಲಿ ಯುಗಾದಿವರೆಗೂ ನೀರಿರುತ್ತದೆ, ಕೊರಡು ಎತ್ತಿದರೆ ಎರಡೇ ದಿನಕ್ಕೆ ಎಲ್ಲ ಹರಿದು ಖಾಲಿ ಎಂದು ಸಮಾಧಾನವಾಗಿಯೇ ತಿಳಿಸಿ ಹೇಳಿದಳು. ಆ ಗುಂಡಿಯ ಏಡಿಯೇ ಅವಳ ಸಾರು, ಮಿಕ್ಕಿದ್ದು ಬೂಕನಕೆರೆ ಸಂತೆಗೆ. ಗಂಡ ಹೋದ ಮೇಲೆ ಅವಳ ಬದುಕು ನಡೆದಿದ್ದೇ ಅದರಿಂದ. ಸತ್ತ ಮರಕ್ಕೆ ಇಷ್ಟೊಂದು ಕೆಲಸ ಇರುತ್ತದಾ ಎಂದು ಕರಿಯಪ್ಪ ನಕ್ಕ.

"ಬದುಕಿದ್ದೂ ಕೆಲ್ಸ ಮಾಡ್ದೆ ಇರೋ ಮೆಂಬರಿಗಿಂತ ವಾಸಿ ಕಣ್ಲಾ."

ಜೆಸಿಬಿ ಡ್ರೈವರ್ ರಾಮು ನಗು ತಡೆಯಲಾರದೆ ಇಂಜಿನ್ ಆಫ್ ಮಾಡಿದ. ಕರಿಯಪ್ಪನ ಮುಖ ಕೆಂಪಾಯಿತು. ನಾಳೆ ಬೆಳಗ್ಗೆ ಬರುತ್ತೇವೆ, ಆಗಲೂ ಕೂತಿದ್ದರೆ ಮರದ ಜೊತೆ ನಿನ್ನನ್ನೂ ಎತ್ತಿ ಹಾಕುತ್ತೇವೆ ಎಂದು ಹೇಳಿ ಹೋದ.

ಮಾತಿಗೆ ಬಗ್ಗದವರು ಅರಿಶಿನಕ್ಕೆ ಬಗ್ಗುತ್ತಾರೆಂದು ಚಿಕ್ಕಬೋರಮ್ಮನಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಕೋಳಿ ಕೂಗುತ್ತಲೇ ಹೋಗಿ ದಡದ ಕಡೆಯ ಬುಡಕ್ಕೆ ಅರಿಶಿನ ಬಳಿದು, ಅಂಗೈಯಗಲ ಕುಂಕುಮ ಇಟ್ಟು, ಬೇವಿನ ಸೊಪ್ಪು ಸಿಕ್ಕಿಸಿ, ಪೆಟ್ಟಿಗೆಯಲ್ಲಿದ್ದ ತನ್ನ ಹಳೇ ಹಸಿರು ಬಳೆಗಳನ್ನೂ ಒಂದು ಕೊಂಬೆಗೆ ತೊಡಿಸಿ ಬಂದಳು. ಬೆಳಗ್ಗೆ ಬಂದ ರಾಮು ಅದನ್ನು ನೋಡಿ, ಚಪ್ಪಲಿ ಬಿಟ್ಟು, ಗಲ್ಲ ಬಡಿದುಕೊಂಡು, ಜೆಸಿಬಿಯನ್ನು ಬಂದ ದಾರಿಯಲ್ಲೇ ಹಿಂದಕ್ಕೆ ಓಡಿಸಿಕೊಂಡು ಹೋದ.

ಎರಡನೇ ಮಂಗಳವಾರದ ಹೊತ್ತಿಗೆ ದೇವರಿಗೆ ಕೊರಡಮ್ಮ ಎಂದು ಹೆಸರಾಯಿತು. ಕಳೆದ ಎಮ್ಮೆ ಸಿಕ್ಕಿತೆಂದು ಯಾರೋ ಬೆಳ್ಳಿ ಕಣ್ಣೆರಡನ್ನು ತಂದು ಬುಡಕ್ಕೆ ಅಂಟಿಸಿದರು. ಏಡಿಗಳು ಪೂಜೆಗೆ ಬಂದವರು ಒಡೆದ ಕಾಯಿಚೂರು ತಿಂದು ಕೊಬ್ಬಿದವು. ಚಿಕ್ಕಬೋರಮ್ಮ ಒಳಗೊಳಗೇ ನಗುತ್ತ ದಿನಾ ಬುಟ್ಟಿ ತುಂಬಿಕೊಂಡಳು.

ನಾಲ್ಕನೇ ವಾರ ಅದೇ ಜೆಸಿಬಿ ಮತ್ತೆ ಬಂತು. ಈ ಸಲ ಅದಕ್ಕೆ ಬಾಳೆಕಂದು ಕಟ್ಟಿತ್ತು, ಹಿಂದೆ ಅರ್ಧ ಊರಿತ್ತು. ಕರಿಯಪ್ಪನ ಹಣೆಯಲ್ಲಿ ಕೊರಡಿನದಕ್ಕಿಂತ ದೊಡ್ಡ ಕುಂಕುಮವಿತ್ತು. ರಸ್ತೆ ಪಕ್ಕ ಟೈಲ್ಸ್ ಹಾಕಿದ ಕಟ್ಟೆ ಸಿದ್ಧವಾಗಿದೆ, ತಾಯಿಯನ್ನು ಎತ್ತಿ ಅಲ್ಲಿ ಕೂರಿಸುವುದಷ್ಟೇ ಬಾಕಿ ಎಂದ.

"ನಾವೆಲ್ಲ ಮೋಲ್ಡಿನ ಮನೇಲಿ ಮಲಗಿ, ತಾಯಿ ಕೆಸರಲ್ಲಿ ಬಿದ್ದಿರೋದಾ ಬೋರಕ್ಕ?"

"ಯಾವ ತಾಯಿನೂ ಇಲ್ಲ ಕಣ್ಲಾ. ಅರಿಶ್ನ ಬಳ್ದೋಳು ನಾನೇ."

ಕರಿಯಪ್ಪ ಅವಳಿಗೇ ಕೈಮುಗಿದ.

"ಗೊತ್ತು ಬುಡು ಬೋರಕ್ಕ. ತಾಯಿನೇ ನಿನ್ ಕೈಲಿ ಬಳಿಸ್ಕಂಡವ್ಳೆ."

ಹೆಂಗಸರಿಬ್ಬರು ಬಂದು ಅವಳ ಕಾಲಿಗೆ ಬಿದ್ದರು. ನಿಜ ಹೇಳಿ ಕೆಟ್ಟ ಮೇಲೆ ಸುಳ್ಳೇ ಗತಿ. ಜೆಸಿಬಿಯ ಹಲ್ಲು ಇನ್ನೇನು ಕೊರಡಿಗೆ ತಾಗಬೇಕು, ಅಷ್ಟರಲ್ಲಿ ಚಿಕ್ಕಬೋರಮ್ಮ ತುರುಬು ಬಿಚ್ಚಿ, ಸೊಂಟದ ಮಟ್ಟ ನೀರಿಗಿಳಿದು, ಕೂದಲು ಕೆದರಿಕೊಂಡು ತೂಗಾಡತೊಡಗಿದಳು. "ಎತ್ತಬ್ಯಾಡ್ರೋ, ನೀರು ಬುಟ್ರೆ ನನ್ ಮೈ ಉರೀತದೆ" ಎಂಬ ಅವಳ ಕೂಗಿಗೆ ರಾಮು ಸೀಟಿನಿಂದಲೇ ಕೆಳಕ್ಕೆ ಹಾರಿದ. ಕರಿಯಪ್ಪ ಬಿಳಿ ಪಂಚೆಯ ಸಮೇತ ಕೆಸರಿನಲ್ಲಿ ಉದ್ದಕ್ಕೆ ಅಡ್ಡಬಿದ್ದ. ಕೂದಲ ಸಂದಿಯಿಂದ ಅದನ್ನು ಕಂಡು ದೇವರಿಗೆ ನಗು ಬಂದುಬಿಟ್ಟಿತು, ಕಷ್ಟಪಟ್ಟು ಕೆಮ್ಮಿ ಸುಧಾರಿಸಿಕೊಂಡಳು.

ಕೊರಡು ಉಳಿಯಿತು. ಆದರೆ ಮರುವಾರವೇ ದಡದಲ್ಲಿ ಬೋರ್ಡು ಎದ್ದಿತು: ಗುಂಡಿಯ ಮೀನು, ಏಡಿ ದೇವರ ಸ್ವತ್ತು, ಹಿಡಿದವರಿಗೆ ದಂಡ. ಮೈಮೇಲೆ ತಾಯಿ ಬರುವವಳು ಮೀನು, ಬಾಡು ಮುಟ್ಟಬಾರದೆಂದು ಕರಿಯಪ್ಪ ಊರಿಗೆಲ್ಲ ಸಾರಿದ. ದಿನಕ್ಕೊಂದು ಮನೆಯಿಂದ ಚಿಕ್ಕಬೋರಮ್ಮನಿಗೆ ಭಕ್ತಿಯಿಂದ ಮೊಸರನ್ನ ಬರತೊಡಗಿತು. ಬೇಡವೆನ್ನಲು ಹೋದರೆ ತಾಯಿಯ ವ್ರತ ಎಷ್ಟು ಕಟ್ಟುನಿಟ್ಟು ನೋಡಿ ಎಂದು ಇನ್ನೊಂದು ಸೌಟು ಹೆಚ್ಚೇ ಬಡಿಸಿದರು. ಸಂತೆಗೆ ಹೋಗುವುದು ನಿಂತೇಹೋಯಿತು. ಇಪ್ಪತ್ತು ದಿನದಲ್ಲಿ ಅವಳ ನಾಲಿಗೆ ಸತ್ತುಹೋಯಿತು.

ಇಪ್ಪತ್ತೊಂದನೇ ದಿನ ಮಟಮಟ ಮಧ್ಯಾಹ್ನ, ನರಪಿಳ್ಳೆ ಇಲ್ಲದ ಹೊತ್ತು ನೋಡಿ ಅವಳು ಸೀರೆ ಎತ್ತಿ ಕಟ್ಟಿ ನೀರಿಗಿಳಿದಳು. ಕೊರಡಿನ ಪೊಟರೆಯಲ್ಲಿ ಅಂಗೈಯಷ್ಟು ದೊಡ್ಡ ಏಡಿ ಕೊಂಡಿ ಆಡಿಸುತ್ತ ಕೂತಿತ್ತು. ಕೈ ಹಾಕಲು ಹೋದವಳು ತಲೆಯೆತ್ತಿದಳು. ಬೆಳ್ಳಿ ಕಣ್ಣೆರಡು ಬಿಸಿಲಿಗೆ ಹೊಳೆಯುತ್ತ ಅವಳನ್ನೇ ನೋಡುತ್ತಿದ್ದವು. ಬಳಿದವಳು ನಾನೇ, ಬಳೆ ನನ್ನದೇ, ಕೂಗಿದ ಗಂಟಲೂ ನನ್ನದೇ ಎಂದು ಮನಸ್ಸಿಗೆ ಮೂರು ಸಲ ಹೇಳಿಕೊಂಡಳು. ಆದರೂ ಕೈ ಮುಂದಕ್ಕೆ ಹೋಗಲೊಲ್ಲದು.

ಕೊನೆಗೆ ತಲೆಗೆ ಸುತ್ತಿದ್ದ ಟವಲ್ಲು ಬಿಚ್ಚಿ ಆ ಎರಡೂ ಕಣ್ಣು ಮುಚ್ಚುವಂತೆ ಬಿಗಿಯಾಗಿ ಕಟ್ಟಿದಳು. "ಒಂದ್ಗಳಿಗೆ ಸುಮ್ಕಿರವ್ವ" ಎಂದು ಹೇಳಿ, ಪೊಟರೆಗೆ ಕೈ ಹಾಕಿದಳು.